ತಿಲಾವಾ ಹಡಗಿನ ಮುಳುಗಡೆಯೂ ಮನೆತನದ ಚರಿತ್ರೆಯೂ

ನಮ್ಮ ಕಾಸರಗೋಡು ಸೀಮೆಯಲ್ಲಿ ಯಾವುದಾದರೊಂದು ಮನೆತನದ ಪೂರ್ವವೃತ್ತಾಂತವನ್ನು ವಿಚಾರಿಸಹೊರಟರೆ ಹಿರಿಯರು ಮೊದಲು ಕೆಳಗಿಳಿಸುವುದು ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು. ಅದರಲ್ಲಿ ಮೂಲಗೇಣಿಯ ಚೀಟು, ತೀರ್ವೆಯ ರಶೀದಿ, ಪಾಲುಪಟ್ಟಿ, ಯಾವುದೋ ಹಳೆಯ ವ್ಯಾಜ್ಯದ ತೀರ್ಪಿನ ನಕಲು ಇವೇ ಮೊದಲಾದುವು ಇರುತ್ತವೆ. ಇವೆಲ್ಲವೂ ಭೂಮಿಯ ಕಾಗದಗಳು. ಭೂಮಿಯನ್ನು ಹಿಡಿದು ನಿಂತವನ ಹೆಸರು ಇವುಗಳಲ್ಲಿ ಉಳಿದುಬಂದಿದೆ. ಭೂಮಿಯನ್ನು ಬಿಟ್ಟು ಹೋದವನ, ಅದರಲ್ಲಿಯೂ ಮಂಗಳೂರಿನ ಬಂದರದಲ್ಲಿ ಹಡಗು ಹತ್ತಿ ಹೋದವನ ಹೆಸರು ಇವುಗಳಲ್ಲಿ ಸಿಕ್ಕುವುದು ಅಪೂರ್ವ.

ನನ್ನ ಅಜ್ಜಿಯ ತಮ್ಮನೊಬ್ಬನು ಹೀಗೆ ಹೋದವನು. "ಬೊಂಬಾಯಿಗೆ ಹೋದ, ಅಲ್ಲಿಂದ ಹಡಗಿನ ಕೆಲಸಕ್ಕೆ ಸೇರಿದ, ಯುದ್ಧದ ಕಾಲದಲ್ಲಿ ಕಾಗದ ಬರುವುದು ನಿಂತಿತು." ಅವನ ಚರಿತ್ರೆಯೆಂದು ನಮ್ಮ ಮನೆಯಲ್ಲಿದ್ದುದು ಈ ಮೂರು ವಾಕ್ಯಗಳು ಮಾತ್ರ. ಆಟಿ ತಿಂಗಳಲ್ಲಿ ಗತಿಸಿದ ಹಿರಿಯರಿಗೆ ಬಡಿಸುವಾಗ ಅಜ್ಜಿಯು ತುದಿಯಲ್ಲಿ ಒಂದು ಎಲೆಯನ್ನು ಬೇರೆಯಾಗಿ ಹಾಕುತ್ತಿದ್ದಳು. ಅದು ಯಾರಿಗೆಂದು ಮಕ್ಕಳಾದ ನಾವು ಕೇಳಿದರೆ, "ಅದು ಹಡಗಿನವನದು" ಎಂದಷ್ಟೇ ಹೇಳಿ ಬೇರೆ ಕೆಲಸಕ್ಕೆ ತೊಡಗುತ್ತಿದ್ದಳು. ಅವನು ಯಾವ ಹಡಗಿನಲ್ಲಿದ್ದನು, ಯಾವ ವರ್ಷ, ಯಾವ ಸಮುದ್ರ ಎಂಬುದನ್ನು ಕೇಳಬೇಕೆಂಬ ಬುದ್ಧಿ ನಮಗೆ ಬರುವಷ್ಟರಲ್ಲಿ ಹೇಳುವವರು ಉಳಿದಿರಲಿಲ್ಲ.

ಇಂತಹ ಮನೆಗಳು ನಮ್ಮಲ್ಲಿ ಅನೇಕವಿರುವುವು. ಆದುದರಿಂದ ಒಂದು ಹಡಗಿನ ದುರಂತವನ್ನು ಹಿಡಿದು ಮನೆತನದ ಎಳೆಯನ್ನು ಹುಡುಕುವ ಬಗೆ ಹೇಗೆಂಬುದನ್ನು ಒಂದು ನಿಜವಾದ ಪ್ರಸಂಗದ ಮೂಲಕ ಇಲ್ಲಿ ವಿವರಿಸಬೇಕೆಂದಿದ್ದೇನೆ. ಈ ಹಡಗು ನಮ್ಮ ನಾಡಿನದಲ್ಲ. ಅದರಲ್ಲಿದ್ದ ಯಾತ್ರಿಕರಲ್ಲಿ ಬಹುಮಂದಿ ಗುಜರಾತದವರು, ಪಂಜಾಬದವರು. ಆದರೂ ಅವರ ಮನೆಗಳು ಎದುರಿಸಿದ ತೊಡಕುಗಳು ನಮ್ಮ ತೊಡಕುಗಳೇ ಆಗಿವೆ.

'ತಿಲಾವಾ' ಎಂಬುದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯ ಹಡಗು. 1924ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ಕಟ್ಟಲ್ಪಟ್ಟ ಇದರ ಪರಿಮಾಣ 10,006 ಟನ್ನು. ಮುಂಬಯಿಗೂ ಆಫ್ರಿಕದ ಪೂರ್ವತೀರಕ್ಕೂ ನಡುವೆ ಸಂಚರಿಸುತ್ತಿದ್ದ ಇಂತಹ ಹಡಗುಗಳಲ್ಲಿ ಅಂಗಡಿಕಾರರು, ದರ್ಜಿಗಳು, ಬಡಗಿಗಳು, ಗುಮಾಸ್ತರು, ರಜೆಯಲ್ಲಿ ಊರಿಗೆ ಬಂದು ಹೆಂಡಿರುಮಕ್ಕಳನ್ನು ಕರೆದುಕೊಂಡು ಹೋಗುವವರು ಹೀಗೆ ಸಾಮಾನ್ಯ ಸಂಸಾರಿಗಳೇ ಹೆಚ್ಚಾಗಿ ಡೆಕ್ಕಿನ ಮೇಲೆ ಚಾಪೆ ಹಾಸಿ ಪ್ರಯಾಣ ಮಾಡುತ್ತಿದ್ದರು.

1942ರ ನವೆಂಬರ 20ರಂದು ತಿಲಾವಾ ಮುಂಬಯಿಯಿಂದ ಹೊರಟಿತು. ಮೊಂಬಾಸಾ, ಲೊರೆನ್ಸೊ ಮಾರ್ಕ್ವಿಸ್ (ಈಗಿನ ಮಪುಟೊ), ಡರ್ಬನ್ ಇವು ಅದು ಮುಟ್ಟಬೇಕಾಗಿದ್ದ ಬಂದರಗಳು. ಅದೇ ವರ್ಷದ ಮಾರ್ಚಿಯಲ್ಲಿ ಅಂಡಮಾನು ಜಪಾನೀಯರ ವಶವಾಗಿದ್ದಿತು. ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದಿದ್ದುವು. ಪಶ್ಚಿಮದ ಸಮುದ್ರವು ಅಷ್ಟೊಂದು ಅಪಾಯದ್ದಲ್ಲವೆಂದು ಜನರು ನಂಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಡಗಿನಲ್ಲಿ 732 ಮಂದಿ ಯಾತ್ರಿಕರು, 222 ಮಂದಿ ನಾವಿಕ ಸಿಬ್ಬಂದಿ, 4 ಮಂದಿ ಫಿರಂಗಿಯವರು, ಒಟ್ಟು 958 ಜನರಿದ್ದರು. ಇದರೊಂದಿಗೆ ಆರು ಸಾವಿರ ಟನ್ನಿಗೂ ಮಿಕ್ಕ ಸರಕು. ಆ ಸರಕಿನಲ್ಲಿ ಬೆಳ್ಳಿಯ ಗಟ್ಟಿಗಳು. ಬೆಳ್ಳಿಯ ವಿಷಯವನ್ನು ಮುಂದೆ ಹೇಳುತ್ತೇನೆ.

ನವೆಂಬರ 23ರ ರಾತ್ರಿ ಸುಮಾರು ಎರಡು ಗಂಟೆಗೆ, ಸೆಶೆಲ್ಸ್ ದ್ವೀಪಗಳಿಗೆ ಈಶಾನ್ಯದಲ್ಲಿ ಸುಮಾರು 930 ಮೈಲು ದೂರದ ನಡುಗಡಲಿನಲ್ಲಿ, 'ಐ-29' ಎಂಬ ಜಪಾನಿ ಜಲಾಂತರ್ಗಾಮಿಯು ಹಾರಿಸಿದ ಟಾರ್ಪಿಡೊ ತಿಲಾವಾಕ್ಕೆ ತಗಲಿತು. ನಿದ್ರೆಯಿಂದೆದ್ದ ಜನರು ದೋಣಿಗಳತ್ತ ನುಗ್ಗಿದರು. ಹಡಗು ಒಡನೆಯೇ ಮುಳುಗಲಿಲ್ಲ. ಅದು ತೇಲುತ್ತಿರುವುದನ್ನು ಕಂಡು ಕೆಲವರು ಮರಳಿ ಹತ್ತತೊಡಗಿದರು. ಆಗ ಎರಡನೆಯ ಟಾರ್ಪಿಡೊ ಬಂದು ತಗಲಿತು. ಈ ಬಾರಿ ಹಡಗು ಉಳಿಯಲಿಲ್ಲ. 280 ಮಂದಿ ಮಡಿದರು. ದೋಣಿಗಳಲ್ಲಿಯೂ ತೆಪ್ಪಗಳಲ್ಲಿಯೂ ಉಳಿದವರನ್ನು ಎರಡು ದಿನಗಳ ತರುವಾಯ, 25ನೆಯ ತಾರೀಕಿನಂದು, 'ಬರ್ಮಿಂಗ್‌ಹ್ಯಾಮ್' ಎಂಬ ಯುದ್ಧನೌಕೆಯು ಕಂಡು ಮೇಲೆತ್ತಿತು. ಕೆಲವೇ ಮಂದಿಯನ್ನು 'ಕಾರ್ಥೇಜ್' ಎಂಬ ಹಡಗು ಎತ್ತಿಕೊಂಡಿತು. ಬದುಕಿದವರು ಒಟ್ಟು 678. ಯುದ್ಧನೌಕೆಯು ಅವರನ್ನು 27ರಂದು ಮುಂಬಯಿಗೆ ಕರೆತಂದಿತು. ಒಂದು ವಾರದ ಹಿಂದೆ ಬೀಳ್ಕೊಟ್ಟ ಬಂದರಕ್ಕೆ ಉಟ್ಟ ಬಟ್ಟೆಯಲ್ಲಿ ಬಂದಿಳಿದ ಆ ಜನರಲ್ಲಿ ತಂದೆಯಿಲ್ಲದ ಮಕ್ಕಳೂ ಮಕ್ಕಳನ್ನು ಕಳಕೊಂಡ ತಾಯಂದಿರೂ ಇದ್ದರು.

ಇಷ್ಟು ಸಂಗತಿ ಇಂದು ಯಾರಿಗಾದರೂ ಲಭ್ಯ. ಆದರೆ 1942ರ ಡಿಸೆಂಬರಿನಲ್ಲಿ ಹಳ್ಳಿಯ ಮನೆಯೊಂದರಲ್ಲಿ ಕುಳಿತವರ ಸ್ಥಿತಿಯನ್ನು ಊಹಿಸಬೇಕು. ಯುದ್ಧಕಾಲದಲ್ಲಿ ಹಡಗುಗಳ ನಷ್ಟವನ್ನು ಸರಕಾರವು ಬೇಗನೆ ಬಹಿರಂಗಗೊಳಿಸುತ್ತಿರಲಿಲ್ಲ. ದೇಹ ಸಿಕ್ಕುವಂತಿಲ್ಲ. ಬದುಕಿ ಬಂದವನಾರಾದರೂ ಕಂಡು ಹೇಳಿದರೆ ಉಂಟು, ಇಲ್ಲವಾದರೆ ಕಾಯುವುದೊಂದೇ. ಹೀಗೆ ಕಾದ ಮನೆಗಳಲ್ಲಿ ಮರಣದ ದಿನವೆಂಬುದು ಒಂದಲ್ಲ, ಮೂರಾಗುತ್ತದೆ. ಕಡಲಿನಲ್ಲಿ ಪ್ರಾಣ ಹೋದ ದಿನ ಒಂದು. ಏಳು ವರ್ಷ ವಾರ್ತೆಯಿಲ್ಲದವನು ಬದುಕಿರುವನೆಂದು ಹೇಳುವವನೇ ಅದನ್ನು ಸಾಧಿಸಿಕೊಡಬೇಕೆಂದು 1872ರ ಸಾಕ್ಷ್ಯದ ಕಾಯಿದೆ ವಿಧಿಸಿದ್ದಿತು. ಅದರಂತೆ ನ್ಯಾಯಸ್ಥಾನದವರು ಒಪ್ಪುವ ದಿನ ಎರಡನೆಯದು. ಹನ್ನೆರಡು ವರ್ಷ ಕಾದು ಅನಂತರ ಕ್ರಿಯೆ ಮಾಡಬೇಕೆಂಬ ಸಂಪ್ರದಾಯವನ್ನು ಅನುಸರಿಸಿದರೆ ಮನೆಯವರು ಒಪ್ಪುವ ದಿನ ಮೂರನೆಯದು. ಹಳೆಯ ಪಾಲುಪಟ್ಟಿಯಲ್ಲಿ ಒಬ್ಬನು 'ಮೃತನಾಗಿ' ಎಂದು ಬರೆದಿರುವುದನ್ನು ಕಂಡೊಡನೆ ಅದರ ತಾರೀಕನ್ನೇ ಮರಣದ ಕಾಲವೆಂದು ತಿಳಿಯುವುದು ಎಷ್ಟು ತಪ್ಪೆಂಬುದು ಇದರಿಂದ ಗೊತ್ತಾಗುವುದು. ಈ ತಪ್ಪನ್ನು ನಾನೇ ಮಾಡಿ, ಒಂದು ದಶಕವಿಡೀ ಬೇರೆ ವರ್ಷಗಳ ಕಾಗದಗಳಲ್ಲಿ ತಡಕಾಡಿದ್ದೇನೆ.

ಇನ್ನು ತಿಥಿಯ ಮಾತು. ನಮ್ಮ ಮನೆಗಳು ತಾರೀಕನ್ನು ಮರೆಯುತ್ತವೆ, ತಿಥಿಯನ್ನು ಮರೆಯುವುದಿಲ್ಲ. ತಿಲಾವಾ ಮುಳುಗಿದುದು ಪಂಚಾಂಗದ ಲೆಕ್ಕದಲ್ಲಿ ಚಿತ್ರಭಾನು ಸಂವತ್ಸರದ ಕಾರ್ತಿಕದ ಹುಣ್ಣಿಮೆಯ ರಾತ್ರಿ. ಮಲೆಯಾಳದ ಲೆಕ್ಕದಲ್ಲಿ ಕೊಲ್ಲಂ 1118ರ ವೃಶ್ಚಿಕ. ತುಳುವರಿಗೆ ಜಾರ್ದೆ ತಿಂಗಳು. ಒಂದೇ ರಾತ್ರಿಗೆ ಒಂದೇ ಸೀಮೆಯಲ್ಲಿ ಇಷ್ಟು ಹೆಸರು. ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಇಂಗ್ಲಿಷರ ದಿನವು ನಡುರಾತ್ರಿಗೆ ತೊಡಗುತ್ತದೆ; ನಮ್ಮ ದಿನವು ಸೂರ್ಯೋದಯಕ್ಕೆ ತೊಡಗುತ್ತದೆ. ರಾತ್ರಿ ಎರಡು ಗಂಟೆಗೆ ನಡೆದುದು ಸರಕಾರದ ಕಡತದಲ್ಲಿ 23, ಸೋಮವಾರ. ಮನೆಯ ಅಜ್ಜಿಯ ಬಾಯಲ್ಲಿ ಆದಿತ್ಯವಾರದ ರಾತ್ರಿ. ಎರಡೂ ಸರಿ. ವಾರ ಕೂಡಿಬರಲಿಲ್ಲವೆಂದು ಅಜ್ಜಿಯ ಸಾಕ್ಷ್ಯವನ್ನು ತಳ್ಳಿಹಾಕುವ ಆತುರ ಕೂಡದು.

ಕಾಗದದ ಸಾಕ್ಷ್ಯಕ್ಕೆ ಬರೋಣ. ಹಡಗಿನಲ್ಲಿ ಸತ್ತವರಲ್ಲಿ ನೌಕರರಿಗೂ ಯಾತ್ರಿಕರಿಗೂ ಈ ವಿಷಯದಲ್ಲಿ ಬಹಳ ವ್ಯತ್ಯಾಸವಿದೆ. ನೌಕರನು ಹಡಗು ಹತ್ತುವಾಗ ಒಪ್ಪಂದದ ಪಟ್ಟಿಯಲ್ಲಿ ಹೆಸರು ಬರೆಯಿಸಬೇಕು. ಅವನಿಗೆ ಸೇವಾಪುಸ್ತಕವೊಂದು ಇರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಡಲಿನಲ್ಲಿ ಮಡಿದ ಭಾರತೀಯ ನಾವಿಕರ ಸ್ಮಾರಕ ಪಟ್ಟಿಗಳು ಮುಂಬಯಿಯಲ್ಲಿಯೂ ಚಿತ್ತಗಾಂವಿನಲ್ಲಿಯೂ ಇವೆ. ಅವು ಕಲ್ಲಿನ ಮೇಲಲ್ಲ, ಪುಸ್ತಕದಲ್ಲಿ ಬರೆದವು. ಆರು ಸಾವಿರಕ್ಕೂ ಹೆಚ್ಚು ಹೆಸರುಗಳು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದವರ ಮೂಲಕ ಇವನ್ನು ಈಗ ಮನೆಯಲ್ಲಿ ಕುಳಿತೇ ಹುಡುಕಬಹುದಾಗಿದೆ. ಡೆಕ್ಕಿನ ಯಾತ್ರಿಕನಿಗೆ ಈ ಭಾಗ್ಯವಿಲ್ಲ. ಅವನು ಯೋಧನಲ್ಲ, ನೌಕರನೂ ಅಲ್ಲ, ಟಿಕೇಟು ಕೊಂಡವನು. ಆದುದರಿಂದ ತಿಲಾವಾದ ಯಾತ್ರಿಕರ ಮನೆಯವರು ತಮ್ಮವರನ್ನು ಹುಡುಕಬೇಕಾದುದು ಹೆಚ್ಚಾಗಿ ತಮ್ಮತಮ್ಮೊಳಗೆಯೇ: ಒಂದು ಮನೆಯವರ ನೆನಪನ್ನು ಇನ್ನೊಂದು ಮನೆಯವರ ನೆನಪಿನೊಡನೆ ಹೊಂದಿಸಿ.

ಪಟ್ಟಿಯಿದ್ದರೂ ಹೆಸರನ್ನು ಗುರುತಿಸುವುದು ಸುಲಭವಲ್ಲ. ಬರೆದವನು ಪರಭಾಷೆಯ ಗುಮಾಸ್ತ, ಕೇಳಿದಂತೆ ಬರೆದನು. ಇದರ ಕಷ್ಟವನ್ನು ಗಡಿನಾಡಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮಲೆಯಾಳಕ್ಕೆ ಬಂದು, ಮತ್ತೆ ಕನ್ನಡಕ್ಕೆ ತಿರುಗುವಾಗ ಸ್ವಂತ ಮನೆಯವರಿಗೇ ಗುರುತು ಸಿಕ್ಕದ ರೂಪವನ್ನು ತಾಳಿರುವುದನ್ನು ನಾವು ಪಡಿತರ ಚೀಟಿಯಲ್ಲಿಯೇ ಕಂಡಿದ್ದೇವೆ. ಇದಲ್ಲದೆ ನಮ್ಮಲ್ಲಿ ಅಳಿಯಸಂತಾನದ ಕುಟುಂಬಗಳಿಗೆ ಬೇರೊಂದು ತೊಡಕು. ಸರಕಾರದ ಪಟ್ಟಿಯು ತಂದೆಯ ಹೆಸರನ್ನು ಕೇಳುತ್ತದೆ. ಮನೆಯ ಲೆಕ್ಕವು ತಾಯಿಯ ಮೂಲಕ ನಡೆಯುತ್ತದೆ. ಮಾವನ ಹೆಸರು ಮನೆಯ ಹೆಸರಿನೊಡನೆ ಮಕ್ಕಳ ಬಾಯಲ್ಲಿದ್ದರೂ, ಅವನ ತಂದೆಯಾರು, ಆ ತಂದೆಯ ಊರು ಯಾವುದು ಎಂದರೆ ತಲೆಕೆರೆದುಕೊಳ್ಳಬೇಕಾಗುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯಿದೆಯ ಬಳಿಕ ಅನೇಕ ಕುಟುಂಬಗಳು ಪಾಲಾದುವು. ಪಾಲು ಮಾಡುವಾಗ ಕವರುಗಳನ್ನೂ ಬದುಕಿರುವವರನ್ನೂ ಎಣಿಸಲೇಬೇಕಾದುದರಿಂದ, ಕಾಣೆಯಾದವನ ಮಾತು ಎಲ್ಲಿಯಾದರೂ ಲಿಖಿತವಾಗಿದ್ದರೆ ಅದು ಆ ಕಾಲದ ಪಾಲುಪಟ್ಟಿಗಳಲ್ಲಿ. ನಮ್ಮ ಮನೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಸಾಲಿನ ವಿವರವಿದೆ. ಅದರಲ್ಲಿ ತಂದೆಯ ಹೆಸರು ಇದ್ದುದೇ ನನಗೆ ದೊರೆತ ಮೊದಲ ಹಿಡಿಕೆ.

ಸಾಕ್ಷ್ಯವು ಸಿಕ್ಕಿದ ಮೇಲೂ ಎಚ್ಚರ ಬೇಕೆಂಬುದಕ್ಕೆ ಬಹು ಪ್ರಸಿದ್ಧವಾದ ಇನ್ನೊಂದು ಮುಳುಗಡೆಯಿಂದ ನಿದರ್ಶನ ಕೊಡುತ್ತೇನೆ. 1912ರ ಏಪ್ರಿಲಿನಲ್ಲಿ 'ಟೈಟಾನಿಕ್' ಮುಳುಗಿದಾಗ ಕೆನಡದ ಹ್ಯಾಲಿಫ್ಯಾಕ್ಸಿನಿಂದ ಹೋದ ಹಡಗು ಸಮುದ್ರದಿಂದ ಮುನ್ನೂರಕ್ಕೂ ಹೆಚ್ಚು ಶವಗಳನ್ನು ಎತ್ತಿತು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಅದರ ಮೇಲೆ ದೊರೆತ ವಸ್ತುಗಳ ಚೀಲಕ್ಕೂ ಅದೇ ಸಂಖ್ಯೆ. ಈ ಕ್ರಮದಿಂದಾಗಿ ಅನೇಕರ ಗುರುತು ಸಿಕ್ಕಿತು. ಗುರುತು ಸಿಕ್ಕದ ಒಂದು ಪುಟ್ಟ ಮಗುವನ್ನು ನಾವಿಕರೇ ಕಲ್ಲು ಇರಿಸಿ ಹೂಳಿದರು. ತೊಂಬತ್ತು ವರ್ಷಗಳ ತರುವಾಯ, 2002ರಲ್ಲಿ, ಡಿ.ಎನ್.ಎ. ಪರೀಕ್ಷೆಯಿಂದ ಅದು ಫಿನ್ಲೆಂಡಿನ 13 ತಿಂಗಳ ಶಿಶುವೆಂದು ಸಾರಲಾಯಿತು. ಆದರೆ ಆ ಮಗುವಿನ ಕಾಲಿನಲ್ಲಿದ್ದ ಜೋಡನ್ನು ಒಬ್ಬ ಪೋಲೀಸಿನವನು ಸುಟ್ಟುಹಾಕಲು ಮನಸ್ಸು ಬಾರದೆ ಇರಿಸಿಕೊಂಡಿದ್ದನು. ಅವನ ಮನೆಯವರು ಅದನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಜೋಡು 13 ತಿಂಗಳ ಶಿಶುವಿಗೆ ದೊಡ್ಡದಾಯಿತು. ಮರುಪರೀಕ್ಷೆ ನಡೆದು, ಅದು ಇಂಗ್ಲೆಂಡಿನ 19 ತಿಂಗಳ ಮಗುವೆಂದು ನಿರ್ಣಯವಾಯಿತು. ವಿಜ್ಞಾನದ ಮೊದಲ ನಿರ್ಣಯವನ್ನು ತಿದ್ದಿಸಿದುದು ಒಂದು ಜೊತೆ ಜೋಡು! ಇಲ್ಲಿ ಪರೀಕ್ಷಿಸಿದ ಅಂಶವು ತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿದುಬರುವಂತಹುದು. ನಮ್ಮ ಹಿರಿಯರ ಕವರಿನ ಲೆಕ್ಕವೂ ಇದೇ ದಾರಿಯಲ್ಲಿ ನಡೆಯುತ್ತದೆಂಬುದನ್ನು ಓದಿ ನನಗೆ ನಗುವೂ ಬಂದಿತು, ಸ್ವಲ್ಪ ಅಭಿಮಾನವೂ ಆಯಿತು.

ಈಗ ಬೆಳ್ಳಿಯ ಮಾತು. ತಿಲಾವಾದಲ್ಲಿದ್ದ ಬೆಳ್ಳಿಯ ಗಟ್ಟಿಗಳು 2,364. ನಾಣ್ಯ ಟಂಕಿಸುವ ಉದ್ದೇಶಕ್ಕಾಗಿ ದಕ್ಷಿಣ ಆಫ್ರಿಕದ ಸರಕಾರವು ಅವನ್ನು ಕೊಂಡು ಡರ್ಬನಿಗೆ ತರಿಸಿಕೊಳ್ಳುತ್ತಿದ್ದಿತು. ಸುಮಾರು ಎರಡೂವರೆ ಕಿಲೋಮೀಟರು ಆಳದಲ್ಲಿ ಬಿದ್ದಿದ್ದ ಇವನ್ನು 2017ರಲ್ಲಿ ಒಂದು ಕಂಪೆನಿಯು ಮೇಲೆತ್ತಿ ಇಂಗ್ಲೆಂಡಿನ ಸೌತಾಂಪ್ಟನ್ನಿಗೆ ಒಯ್ದಿತು. ಎತ್ತಿದ ಕೂಲಿಯಾರು ಕೊಡಬೇಕೆಂಬುದರಲ್ಲಿ ವ್ಯಾಜ್ಯವೆದ್ದು, ಕೆಳಗಿನ ಎರಡು ನ್ಯಾಯಸ್ಥಾನಗಳಲ್ಲಿ ಕಂಪೆನಿಯ ಪಕ್ಷ ಗೆದ್ದಿತು. 2024ರ ಮೇ 8ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು, ಆ ಬೆಳ್ಳಿಯು ವಾಣಿಜ್ಯದ ಉಪಯೋಗದಲ್ಲಿದ್ದಿತೆನ್ನಲಾಗದು, ಆದುದರಿಂದ ಪರರಾಷ್ಟ್ರದ ಮೇಲೆ ಇಲ್ಲಿ ಈ ದಾವೆ ನಿಲ್ಲದು ಎಂದು ತೀರ್ಪಿತ್ತಿತು. ಉಭಯ ಪಕ್ಷದವರು ಅಷ್ಟರೊಳಗೆ ರಾಜಿಯಾಗಿದ್ದರೂ ಕಾನೂನಿನ ಪ್ರಶ್ನೆಯ ಮಹತ್ತ್ವದಿಂದ ತೀರ್ಪು ಹೊರಬಿದ್ದಿತು.

ಒಂದೊಂದು ಗಟ್ಟಿಯೂ ಎಣಿಸಲ್ಪಟ್ಟಿತು. ಅದು ಯಾರದು, ಯಾರಿಂದ ಯಾರಿಗೆ ಹೋಗುತ್ತಿದ್ದಿತು ಎಂಬುದನ್ನು ಮೂರು ನ್ಯಾಯಸ್ಥಾನಗಳು ವಿಚಾರಿಸಿದುವು. ಅದೇ ಹಡಗಿನ ಡೆಕ್ಕಿನ ಮೇಲಿದ್ದವರಿಗೆ ಮೂರು ತಲೆಮಾರಿನಷ್ಟು ಕಾಲ ಒಂದು ಸಾರ್ವಜನಿಕ ಸ್ಮರಣೆಯೂ ಇರಲಿಲ್ಲ. ಹೀಗೆ ಹೇಳುವಾಗ ನನ್ನ ಮನಸ್ಸಿಗೆ ಕಹಿಯಾಗುತ್ತದೆಂಬುದನ್ನು ಮರೆಮಾಚುವುದಿಲ್ಲ. ಆದರೂ ಮನೆತನದ ಚರಿತ್ರೆಯನ್ನು ಹುಡುಕುವವನು ಈ ಬೆಳ್ಳಿಗೆ ಕೃತಜ್ಞನಾಗಿರಬೇಕು. ಹಡಗು ಎಂದು ಹೊರಟಿತು, ಏನನ್ನು ಒಯ್ಯುತ್ತಿದ್ದಿತು, ಎಂತು ಮುಳುಗಿತು ಎಂಬುದು ತೀರ್ಪುಗಳಲ್ಲಿ ಬರೆಯಲ್ಪಟ್ಟು ಯಾರೂ ಓದಬಹುದಾದ ರೂಪಕ್ಕೆ ಬಂದುದು ಅದರಿಂದಲೇ. ಜನರ ಕಾಗದಗಳು ನಾಶವಾದೆಡೆಯಲ್ಲಿ ಸರಕಿನ ಕಾಗದಗಳನ್ನು ಕೇಳಬೇಕು. ಸರಕಿಗೆ ಒಡೆಯನೂ ವಿಮೆಯೂ ವಕೀಲನೂ ಇರುತ್ತಾರೆ.

ಆ ಜಲಾಂತರ್ಗಾಮಿಯ ಕಥೆಯೂ ವಿಚಿತ್ರವಾದುದು. ಇದೇ 'ಐ-29' ಐದು ತಿಂಗಳ ತರುವಾಯ, 1943ರ ಏಪ್ರಿಲಿನಲ್ಲಿ, ಆಫ್ರಿಕದ ಆಗ್ನೇಯಕ್ಕಿರುವ ಸಮುದ್ರದಲ್ಲಿ ಜರ್ಮನರ ಜಲಾಂತರ್ಗಾಮಿಯಿಂದ ಸುಭಾಷಚಂದ್ರ ಬೋಸರನ್ನು ಹತ್ತಿಸಿಕೊಂಡು ಸುಮಾತ್ರದ ಬಳಿಯ ಸಬಾಂಗಿಗೆ ತಲುಪಿಸಿತು. ಬೋಸರ ಆ ಯಾತ್ರೆಯನ್ನು ನಮ್ಮ ಪಾಠಪುಸ್ತಕಗಳಲ್ಲಿ ಓದಿ ಪುಳಕಿತರಾಗದವರಾರು? ತಿಲಾವಾದಲ್ಲಿ ತಂದೆಯನ್ನು ಕಳಕೊಂಡ ಮನೆಯಲ್ಲಿ ನೇತಾಜಿಯ ಪಟವೂ ತೂಗುತ್ತಿದ್ದಿರಬಹುದು. 1944ರ ಜುಲೈ 26ರಂದು ಫಿಲಿಪ್ಪೈನಿನ ಉತ್ತರದ ಸಮುದ್ರದಲ್ಲಿ ಅಮೆರಿಕದ ಜಲಾಂತರ್ಗಾಮಿಯೊಂದು 'ಐ-29'ನ್ನು ಮುಳುಗಿಸಿತು. ಆ ನಾವಿಕರ ಮನೆಗಳಲ್ಲಿಯೂ ಯಾರೋ ಕಾದಿದ್ದರಷ್ಟೆ.

2022ರ ನವೆಂಬರ 23ರಂದು, ಎಂಬತ್ತು ವರ್ಷ ತುಂಬಿದಾಗ, ತಿಲಾವಾದ ಕುಟುಂಬಗಳವರು ಮುಂಬಯಿಯಲ್ಲಿ ಮೊದಲ ಬಾರಿಗೆ ಒಂದುಗೂಡಿದರು. ಇದಕ್ಕೆ ತೊಡಗಿದವರು ಮಡಿದ ಯಾತ್ರಿಕರೊಬ್ಬರ ವಂಶಜರು. ತಮ್ಮ ಮನೆಯ ಒಂದು ಹೆಸರನ್ನು ಹುಡುಕುತ್ತ ಹೋಗಿ ಇತರರ ಮನೆಗಳನ್ನೂ ಕಂಡುಕೊಂಡರು. ಒಬ್ಬರು ದೇಶದ ಈ ಮೂಲೆಯಿಂದ, ಇನ್ನೊಬ್ಬರು ಕಡಲಾಚೆಯ ದೇಶದಿಂದ ಹೆಸರು, ಪಟ, ಕೇಳಿದ ಮಾತು ಇವನ್ನು ಒದಗಿಸತೊಡಗಿದ ಮೇಲೆ, ಒಂದು ಕಾಲಕ್ಕೆ ಬರಿಯ ಸಂಖ್ಯೆಯಾಗಿದ್ದ 280 ಎಂಬುದು ಮನುಷ್ಯರ ಪಟ್ಟಿಯಾಗತೊಡಗಿತು.

ನಮ್ಮ ಸೀಮೆಯವರು ಇದೇ ಕೆಲಸಕ್ಕೆ ತೊಡಗುವುದಾದರೆ ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. 1956ರ ನವೆಂಬರ 1ರ ತನಕ ಕಾಸರಗೋಡು ತಾಲೂಕು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಅನಂತರ ಕೇರಳದ ಕಣ್ಣಾನೂರು ಜಿಲ್ಲೆಗೆ. 1984ರ ಮೇ 24ರಂದು ಸ್ವತಂತ್ರ ಜಿಲ್ಲೆಯಾಯಿತು. 1942ರಲ್ಲಿ ಮುಂಬಯಿಯಲ್ಲಿ ಹಡಗು ಹತ್ತಿದ ನಮ್ಮವನೊಬ್ಬನ ಊರನ್ನು ಗುಮಾಸ್ತನು 'ದಕ್ಷಿಣ ಕನ್ನಡ' ಎಂದೋ, ಬರಿದೆ 'ಮಂಗಳೂರು' ಎಂದೋ ಬರೆದಿರುವ ಸಂಭವವೇ ಹೆಚ್ಚು. 'ಕೇರಳ'ದ ಹೆಸರಿನಲ್ಲಿ ಹುಡುಕಿದರೆ ಅವನು ಸಿಕ್ಕಲಾರನು.

ನಮ್ಮ ಮನೆಯ ಪೆಟ್ಟಿಗೆಯ ತಳದಲ್ಲಿ ಕಳೆದ ಮಳೆಗಾಲದಲ್ಲಿ ಒಂದು ಅಂಚೆ ಕಾರ್ಡು ದೊರೆಯಿತು. ಗೆದ್ದಲು ಅರ್ಧವನ್ನು ತಿಂದಿದೆ. ಕಾರ್ಡು ಅಜ್ಜಿಗೆ ಬರೆದುದು, ಕನ್ನಡದಲ್ಲಿಯೇ ಇದೆ. "ಹಣ ಮುಟ್ಟಿತೆಂದು ಬರೆಸು. ಮಕ್ಕಳನ್ನು ಶಾಲೆಗೆ ಕಳುಹಿಸು" ಎಂಬಿಷ್ಟು ಓದಲು ಬರುತ್ತದೆ. ಮೇಲ್ಗಡೆ ಮುಂಬಯಿಯ ಅಂಚೆಯ ಮುದ್ರೆಯಲ್ಲಿ ವರ್ಷದ ಅಂಕೆಗಳು ಮಸುಕಾಗಿವೆ, ತಿಂಗಳು ಮಾತ್ರ ಸ್ಪಷ್ಟವಾಗಿದೆ. ಅದನ್ನೂ ಪಾಲುಪಟ್ಟಿಯ ಆ ಒಂದು ಸಾಲಿನ ನಕಲನ್ನೂ ಇರಿಸಿಕೊಂಡು, ನಾವಿಕರ ಸ್ಮಾರಕ ಪಟ್ಟಿಯಲ್ಲಿ ಅವನ ತಂದೆಯ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೋ ಅಷ್ಟು ಬಗೆಯಲ್ಲಿಯೂ ಒಂದೊಂದಾಗಿ ನೋಡುತ್ತ ಬಂದಿದ್ದೇನೆ. ಇಂದಿಗೆ ಹನ್ನೊಂದು ಬಗೆಗಳು ಮುಗಿದಿವೆ.